ಗುಡ್ಡ ಕಡಿಯದೆ ನಗರ ಕಟ್ಟಹೊರಟ ಗ್ರಿಫಿನ್

ಆಸ್ಟ್ರೇಲಿಯಾದ ರಾಜಧಾನಿ ಯಾವುದೆಂದು ಕೇಳಿದರೆ ಸಿಡ್ನಿ ಎನ್ನುವವರೇ ನಮ್ಮಲ್ಲಿ ಹೆಚ್ಚು. ಕ್ರಿಕೆಟಿನ ನೆನಪಿನಿಂದ ಮೆಲ್ಬೋರ್ನ್ ಎನ್ನುವವರೂ ಇದ್ದಾರೆ. ಎರಡೂ ಅಲ್ಲ, ಅದು ಕ್ಯಾನ್‌ಬೆರಾ. ಆ ಎರಡು ದೊಡ್ಡ ಪಟ್ಟಣಗಳ ಜಗಳವೇ ಈ ಮೂರನೆಯದರ ಹುಟ್ಟಿಗೆ ಕಾರಣವಾಯಿತು. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದಾಗ ರಾಜಧಾನಿ ತನಗೇ ಬೇಕೆಂದು ಸಿಡ್ನಿಯೂ ಮೆಲ್ಬೋರ್ನೂ ಹಟ ಹಿಡಿದವು. ಕಡೆಗೆ ರಾಜಧಾನಿ ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿಯೇ ಇರಬೇಕು, ಆದರೆ ಸಿಡ್ನಿಯಿಂದ 100 ಮೈಲಿಯಾದರೂ ದೂರವಿರಬೇಕು, ಅದು ಸಿದ್ಧವಾಗುವ ತನಕ ಪಾರ್ಲಿಮೆಂಟು ಮೆಲ್ಬೋರ್ನಿನಲ್ಲಿ ಕೂರಬೇಕು ಎಂದು ಸಂವಿಧಾನದಲ್ಲಿಯೇ ಬರೆದು ರಾಜಿಯಾದರು. ಹಾಗೆ ಗೊತ್ತುಮಾಡಿದ ಸ್ಥಳ ಕುರಿ ಮೇಯುವ ಬಯಲಾಗಿತ್ತು. ನಡುವೆ ಮೊಲೊಂಗ್ಲೋ ಎಂಬ ಸಣ್ಣ ಹೊಳೆ, ಸುತ್ತ ಗುಡ್ಡಗಳು. ಸಾವಿರಾರು ವರ್ಷಗಳಿಂದ ಅಲ್ಲಿದ್ದ ಮೂಲನಿವಾಸಿಗಳನ್ನು ಒಂದು ಮಾತು ಕೇಳಬೇಕೆಂದು ಆ ಕಾಲದಲ್ಲಿ ಯಾರಿಗೂ ತೋರಲಿಲ್ಲ.

ಈ ಬಯಲಿನಲ್ಲಿ ನಗರವೊಂದನ್ನು ಬರೆದು ತೋರಿಸಿದವನು ಅಮೆರಿಕದ ವಾಲ್ಟರ್ ಬರ್ಲಿ ಗ್ರಿಫಿನ್. ಆತ ತೀರಿಕೊಂಡದ್ದು ನಮ್ಮ ದೇಶದ ಲಕ್ನೋದಲ್ಲಿ, ಆತನ ದೇಹವಿರುವುದೂ ಅಲ್ಲಿನ ಕ್ರೈಸ್ತ ಸ್ಮಶಾನದಲ್ಲಿ. ಆಧುನಿಕ ವಾಸ್ತುಶಿಲ್ಪದ ಚರಿತ್ರೆ ಬರೆಯುವವರು ಗ್ರಿಫಿನ್ನನ ಗುರುವಾದ ಫ್ರಾಂಕ್ ಲಾಯ್ಡ್ ರೈಟನಿಗೆ ಅಧ್ಯಾಯಗಳನ್ನೇ ಮೀಸಲಿಟ್ಟು ಶಿಷ್ಯನನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದುಂಟು. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಗ್ರಿಫಿನ್ ಹುಟ್ಟಿದ್ದು 1876ರ ನವೆಂಬರ್ 24ರಂದು, ಷಿಕಾಗೋ ನಗರದ ಸಮೀಪದ ಮೇವುಡ್ ಎಂಬಲ್ಲಿ. ತಂದೆ ವಿಮಾ ಕಂಪೆನಿಯ ಏಜೆಂಟು. ಹುಡುಗನಿಗೆ ಎಳವೆಯಿಂದಲೇ ಗಿಡಮರಗಳ ಹುಚ್ಚು. ಉದ್ಯಾನ ರಚನೆಯನ್ನೇ ಕಲಿಯಬೇಕೆಂಬ ಆಸೆಯಿದ್ದರೂ ಹೊಟ್ಟೆಪಾಡನ್ನು ನೆನೆದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನು ಓದಿ 1899ರಲ್ಲಿ ಪದವಿ ಪಡೆದನು. 1901ರಲ್ಲಿ ರೈಟನ ಕಚೇರಿ ಸೇರಿದನು. ಅಮೆರಿಕದ ಮನೆಗಳು ಯುರೋಪಿನ ಅರಮನೆಗಳ ನಕಲಾಗಬಾರದು, ಅಲ್ಲಿನ ಬಯಲಿಗೆ ಹೊಂದಿ ತಗ್ಗಾಗಿ, ಅಗಲವಾಗಿ ಹಬ್ಬಬೇಕು ಎಂಬ ಹೊಸ ವಿಚಾರ ಆ ಕಚೇರಿಯಲ್ಲಿ ರೂಪುಗೊಳ್ಳುತ್ತಿದ್ದ ಕಾಲವದು. 1905ರಲ್ಲಿ ರೈಟನು ಜಪಾನಿಗೆ ಹೋದಾಗ ಕಚೇರಿಯನ್ನು ನೋಡಿಕೊಂಡವನು ಗ್ರಿಫಿನ್. ಹಿಂದಿರುಗಿದ ಗುರುವಿಗೆ ಶಿಷ್ಯ ಮಾಡಿದ ಕೆಲಸ ಹಿಡಿಸಲಿಲ್ಲ. ಹಣದ ವಿಷಯದಲ್ಲಿಯೂ ತಕರಾರು ಬಂತು. ಶಿಷ್ಯನಿಂದ ಪಡೆದ ಸಾಲಕ್ಕೆ ಬದಲಾಗಿ ರೈಟನು ಜಪಾನಿನಿಂದ ತಂದ ಚಿತ್ರಗಳನ್ನು ಕೊಟ್ಟನಂತೆ. ಗ್ರಿಫಿನ್ ಹೊರಬಂದು 1906ರಲ್ಲಿ ಸ್ವಂತ ಕಚೇರಿ ತೆರೆದನು.

ಅದೇ ಕಚೇರಿಯಲ್ಲಿ ಮೇರಿಯನ್ ಮಹೋನಿ ಎಂಬ ಮಹಿಳೆಯಿದ್ದಳು. ಗ್ರಿಫಿನ್ನನಿಗಿಂತ ಐದು ವರ್ಷ ಹಿರಿಯಳು. ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ 1894ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದಿದ್ದಳು. ಅಲ್ಲಿಂದ ಆ ಪದವಿ ಪಡೆದ ಎರಡನೆಯ ಹೆಣ್ಣು ಆಕೆ. ರೈಟನ ಹೆಸರನ್ನು ಯುರೋಪಿನವರೆಗೆ ಮುಟ್ಟಿಸಿದ ಸುಂದರ ಚಿತ್ರಗಳಲ್ಲಿ ಬಹಳಷ್ಟು ಆಕೆಯ ಕೈಯವು, ಆದರೆ ಅವುಗಳಡಿಯಲ್ಲಿ ಇದ್ದುದು ಯಜಮಾನನ ಹೆಸರು. 1911ರ ಜೂನಿನಲ್ಲಿ ಇಬ್ಬರ ಲಗ್ನವಾಯಿತು. ಇಲ್ಲಿಂದ ಮುಂದಕ್ಕೆ ಗ್ರಿಫಿನ್ನನ ಕೃತಿ ಎಂದು ನಾವು ಹೇಳುವಲ್ಲೆಲ್ಲ ಗ್ರಿಫಿನ್ ದಂಪತಿಗಳ ಕೃತಿ ಎಂದೇ ಓದುಗರು ತಿಳಿಯಬೇಕು.

ಅದೇ ವರ್ಷ ಆಸ್ಟ್ರೇಲಿಯಾ ಸರಕಾರವು ಹೊಸ ರಾಜಧಾನಿಯ ನಕ್ಷೆಗಾಗಿ ಜಗತ್ತಿಗೆಲ್ಲ ಪಂದ್ಯವೊಂದನ್ನು ಸಾರಿತು. ಮೊದಲ ಬಹುಮಾನ 1,750 ಪೌಂಡು. ಕೊನೆಯ ತೀರ್ಪು ಮಂತ್ರಿ ಕಿಂಗ್ ಓಮ್ಯಾಲಿಯ ಕೈಯಲ್ಲಿ. ವಾಸ್ತುಶಿಲ್ಪ ತಿಳಿಯದ ರಾಜಕಾರಣಿ ತೀರ್ಪುಗಾರನಾಗುವುದೆಂದರೇನು ಎಂದು ಬ್ರಿಟನಿನ ವಾಸ್ತುಶಿಲ್ಪಿಗಳ ಸಂಘವು ಪಂದ್ಯಕ್ಕೇ ಬಹಿಷ್ಕಾರ ಹಾಕಿತು. ಆಕ್ಷೇಪದಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆವು. ಆದರೂ 137 ನಕ್ಷೆಗಳು ಬಂದವು.

ಗ್ರಿಫಿನ್ ಆ ಸ್ಥಳವನ್ನು ಕಣ್ಣಾರೆ ಕಂಡವನಲ್ಲ. ಸರಕಾರ ಕಳಿಸಿದ ಭೂಪಟ, ಎತ್ತರ ತಗ್ಗುಗಳ ಗೆರೆಗಳು, ಗುಡ್ಡಗಳ ವರ್ಣಚಿತ್ರ ಇವಿಷ್ಟೇ ಆತನ ಮುಂದಿದ್ದವು. ಬಹುತೇಕ ಸ್ಪರ್ಧಿಗಳಿಗೆ ಗುಡ್ಡಗಳು ತೊಡಕೆನಿಸಿದವು, ಗ್ರಿಫಿನ್ನನಿಗೆ ಅವೇ ಆಧಾರವಾದವು. ಐನ್‌ಸ್ಲಿ ಎಂಬ ಬೆಟ್ಟದ ತುದಿಯಿಂದ ಊರ ನಡುವಿನ ಗುಡ್ಡವನ್ನು ಹಾದು ದೂರದ ಬಿಂಬೆರಿ ಶಿಖರದ ಕಡೆಗೆ ಒಂದು ನೇರ ಗೆರೆ ಎಳೆದನು. ಅದು ನೆಲದ ಗೆರೆ. ಕರಿಬೆಟ್ಟವೆಂಬ ಇನ್ನೊಂದರ ಬುಡದಿಂದ ಹೊಳೆಯುದ್ದಕ್ಕೆ ಅದನ್ನು ಅಡ್ಡ ಕತ್ತರಿಸುವ ಮತ್ತೊಂದು ಗೆರೆ. ಅದು ನೀರಿನ ಗೆರೆ. ಹೊಳೆಗೆ ಅಣೆಕಟ್ಟು ಕಟ್ಟಿ ಊರಿನ ಮಧ್ಯದಲ್ಲಿ ಸರೋವರ. ಸರೋವರದ ಆಚೆ ಈಚೆಯನ್ನು ಜೋಡಿಸುವ ಮೂರು ಹೆದ್ದಾರಿಗಳ ಒಂದು ತ್ರಿಕೋನ. ಒಂದು ಮೂಲೆಯಲ್ಲಿ ಸರಕಾರ, ಒಂದರಲ್ಲಿ ಪುರಭವನ ಮುಂತಾದ ಊರಿನ ಕೇಂದ್ರ, ಇನ್ನೊಂದರಲ್ಲಿ ಮಾರುಕಟ್ಟೆ. ಯಾವ ರಸ್ತೆಯಲ್ಲಿ ನಿಂತು ನೋಡಿದರೂ ಅದರ ಕೊನೆಯಲ್ಲಿ ಕಾಣುವುದು ಮನುಷ್ಯ ಕಟ್ಟಿದ ಗೋಪುರವಲ್ಲ, ಬೆಟ್ಟ. ನಡುಗುಡ್ಡದ ನೆತ್ತಿಯನ್ನು ಪಾರ್ಲಿಮೆಂಟಿಗೆ ಕೊಡದೆ, ಜನರು ಕೂಡಿ ಸಂಭ್ರಮಿಸುವ ಸಾರ್ವಜನಿಕ ಭವನಕ್ಕೆ ಮೀಸಲಿಟ್ಟು, ಪಾರ್ಲಿಮೆಂಟನ್ನು ಒಂದು ಮೆಟ್ಟಲು ಕೆಳಗಿರಿಸಿದನು. ಪ್ರಜೆ ಮೇಲೆ, ಪ್ರತಿನಿಧಿ ಕೆಳಗೆ ಎಂಬ ಈ ಕ್ರಮ ಪ್ರತಿನಿಧಿಗಳಿಗೆ ಅಷ್ಟಾಗಿ ರುಚಿಸುವಂಥದ್ದಲ್ಲ. ಅದರ ಗತಿಯೇನಾಯಿತೆಂದು ಮುಂದೆ ನೋಡೋಣ.

ಈ ಯೋಚನೆಗಳನ್ನು ಮೇರಿಯನ್ ಬಟ್ಟೆಯ ಹಾಳೆಗಳ ಮೇಲೆ ಬಣ್ಣದಲ್ಲಿ ಬಿಡಿಸಿದಳು. ಹೊಂಬಣ್ಣ, ಕಂದು, ತಿಳಿ ಹಸುರು. ನಸುಬೆಳಕಿನಲ್ಲಿ ಬೆಟ್ಟಗಳ ನಡುವೆ ನಗರವೊಂದು ಮೈಮರೆತು ಮಲಗಿದಂತಿದೆ. ಇಂದು ಅವು ಕ್ಯಾನ್‌ಬೆರಾದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ. ಆ ಚಿತ್ರಗಳಿಲ್ಲದೆ ಬರಿಯ ಗೆರೆಗಳ ನಕ್ಷೆ ಹೋಗಿದ್ದರೆ ಗೆಲ್ಲುತ್ತಿತ್ತೆಂದು ನಮಗನಿಸುವುದಿಲ್ಲ. ಮೂವರು ಪರೀಕ್ಷಕರಲ್ಲಿ ಇಬ್ಬರು ಗ್ರಿಫಿನ್ನನ ಪರ, ಅಧ್ಯಕ್ಷನು ಬೇರೆಯವರ ಪರ. ಮಂತ್ರಿ ಬಹುಮತವನ್ನು ಒಪ್ಪಿದನು. 1912ರ ಮೇ 23ರಂದು ಫಲಿತಾಂಶ ಹೊರಬಿತ್ತು. ಎರಡನೆಯ ಸ್ಥಾನ ಫಿನ್ಲೆಂಡಿನ ಪ್ರಸಿದ್ಧ ಎಲಿಯೆಲ್ ಸಾರಿನೆನ್ನನಿಗೆ. ಗ್ರಿಫಿನ್ನನಿಗೆ ಆಗ 35 ವರ್ಷ.

ಬಹುಮಾನ ಕೊಟ್ಟರು, ನಕ್ಷೆಯನ್ನು ಮಾತ್ರ ಬದಿಗಿಟ್ಟರು. ಇದು ದುಬಾರಿ, ಕನಸುಗಾರನ ಕೆಲಸ ಎಂದು ಇಲಾಖೆಯ ಅಧಿಕಾರಿಗಳ ಮಂಡಳಿಯೊಂದು ಷರಾ ಬರೆಯಿತು. ಗೆದ್ದ ನಕ್ಷೆಗಳಿಂದ ಅಲ್ಲೊಂದು ಇಲ್ಲೊಂದು ತುಂಡು ತೆಗೆದು ತಾನೇ ಒಂದು ನಕ್ಷೆ ಹೊಲಿಯಿತು. ಗ್ರಿಫಿನ್ನನನ್ನು ಆರಿಸಿದ ಓಮ್ಯಾಲಿಯೇ ಆ ತೇಪೆಗೂ ಒಪ್ಪಿಗೆ ಹಾಕಿದನು. 1913ರ ಮಾರ್ಚ್ 12ರಂದು ನಗರಕ್ಕೆ ಕ್ಯಾನ್‌ಬೆರಾ ಎಂದು ವಿಜೃಂಭಣೆಯಿಂದ ನಾಮಕರಣವಾದಾಗ ಕಟ್ಟಲು ನಿಶ್ಚಯಿಸಿದ್ದುದು ಮಂಡಳಿಯ ನಕ್ಷೆಯನ್ನು. ಗ್ರಿಫಿನ್ ಅಮೆರಿಕದಲ್ಲಿ ಕುಳಿತು ಕಾಗದ ಬರೆಯುತ್ತಿದ್ದನು.

ಆ ವರ್ಷ ಸರಕಾರ ಬದಲಾಯಿತು. ಹೊಸಬರು ಗ್ರಿಫಿನ್ನನನ್ನು ಕರೆಸಿದರು. ಆಗಸ್ಟಿನಲ್ಲಿ ಆತ ಬಂದಿಳಿದು, ಅಷ್ಟರ ತನಕ ಕಾಗದದ ಮೇಲಷ್ಟೇ ಕಂಡಿದ್ದ ಬೆಟ್ಟಗಳನ್ನು ಕಣ್ಣಿನಿಂದ ನೋಡಿದನು. ತಾನು ಲೆಕ್ಕ ಹಾಕಿದ್ದು ಬಹುಮಟ್ಟಿಗೆ ಸರಿಯಾಗಿತ್ತು. ಮಂಡಳಿಯನ್ನು ವಿಸರ್ಜಿಸಿ, ಅಕ್ಟೋಬರಿನಲ್ಲಿ ಆತನನ್ನು ರಾಜಧಾನಿಯ ವಿನ್ಯಾಸ ಮತ್ತು ನಿರ್ಮಾಣದ ನಿರ್ದೇಶಕನನ್ನಾಗಿ ಮೂರು ವರ್ಷಕ್ಕೆ ನೇಮಿಸಿದರು.

ಮಂಡಳಿ ಹೋಯಿತು, ಮಂಡಳಿಯಲ್ಲಿದ್ದವರು ಹೋಗಲಿಲ್ಲ. ಅವರೆಲ್ಲ ಅದೇ ಇಲಾಖೆಯ ಅದೇ ಕುರ್ಚಿಗಳಲ್ಲಿದ್ದರು. ನಿರ್ದೇಶಕನಿಗೆ ಹುದ್ದೆಯಿತ್ತು, ಫೈಲು ಇರಲಿಲ್ಲ. ಅಳತೆಯ ಲೆಕ್ಕ ಕೇಳಿದರೆ ಕೊಡುತ್ತಿರಲಿಲ್ಲ, ಕೊಟ್ಟದ್ದು ಸರಿಯಿರುತ್ತಿರಲಿಲ್ಲ. ಒಳಚರಂಡಿ, ಸೇತುವೆ, ರಸ್ತೆ ಎಲ್ಲಕ್ಕೂ ಇಲಾಖೆ ತನ್ನದೇ ಅಂದಾಜು ಹಾಕಿ, ಗ್ರಿಫಿನ್ನನ ರಸ್ತೆ ಎಲ್ಲಿ ಹೋಗಬೇಕೋ ಅಲ್ಲಿಯೇ ಏನಾದರೊಂದು ಕಟ್ಟಿಸುವ ಸಿದ್ಧತೆ ನಡೆಸುತ್ತಿತ್ತು. ಒಂದು ಜಾಗದ ಪಹಣಿ ತಿದ್ದಿಸಲು ಕಚೇರಿಯ ಮೆಟ್ಟಲು ಸವೆಸಿದವರಿಗೆ ಇದರ ಸ್ವರೂಪವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ 1914ರಲ್ಲಿ ಮಹಾಯುದ್ಧ ಬಂತು, ಹಣ ನಿಂತಿತು. ಮಂತ್ರಿಗಳು ಒಬ್ಬರ ಹಿಂದೆ ಒಬ್ಬರು ಬದಲಾದರು.

ವಿಷಯ ವಿಕೋಪಕ್ಕೆ ಹೋಗಿ 1916ರಲ್ಲಿ ರಾಜಶಾಸನದ ವಿಚಾರಣಾ ಆಯೋಗ ಕುಳಿತಿತು. ವಿಲ್ಫ್ರೆಡ್ ಬ್ಲ್ಯಾಕೆಟ್ ಎಂಬ ವಕೀಲನು ಸಾಕ್ಷ್ಯಗಳನ್ನೆಲ್ಲ ಕೇಳಿ 1917ರಲ್ಲಿ ವರದಿ ಕೊಟ್ಟನು. ಗ್ರಿಫಿನ್ನನಿಗೆ ಬೇಕಾದ ಮಾಹಿತಿಯನ್ನು ತಡೆಹಿಡಿದದ್ದು, ತಪ್ಪು ಅಂಕಿಗಳನ್ನು ಕೊಟ್ಟದ್ದು, ಆತನ ಅಧಿಕಾರವನ್ನು ಕಡೆಗಣಿಸಿದ್ದು ನಿಜವೆಂದು ಅದರಲ್ಲಿ ಹೇಳಿತ್ತು. ಗೆಲುವು ಗ್ರಿಫಿನ್ನನದು. ಆದರೆ ವರದಿಯಿಂದ ರಸ್ತೆ ಕಡಿಯಲಾಗುವುದಿಲ್ಲವಷ್ಟೆ. ಯುದ್ಧ ಮುಗಿದ ಮೇಲೆ ಕೆಲಸವನ್ನು ಒಂದು ಸಲಹಾ ಸಮಿತಿಗೆ ಒಪ್ಪಿಸುವುದೆಂದು ಸರಕಾರ ನಿರ್ಧರಿಸಿ, ಗ್ರಿಫಿನ್ನನಿಗೆ ಅದರಲ್ಲಿ ಒಂದು ಸದಸ್ಯ ಸ್ಥಾನ ಕೊಡಲು ಬಂತು. ತನ್ನ ನಕ್ಷೆಯ ಬಗ್ಗೆ ತಾನೇ ಸಮಿತಿಯಲ್ಲಿ ಒಂದು ಮತವಾಗಿ ಕೂರಲು ಆತ ಒಪ್ಪಲಿಲ್ಲ. 1920ರ ಕೊನೆಗೆ ಕ್ಯಾನ್‌ಬೆರಾದೊಡನೆ ಆತನ ಅಧಿಕೃತ ಸಂಬಂಧ ಮುಗಿಯಿತು. ತಾನು ಬರೆದ ನಗರದಲ್ಲಿ ಒಂದು ಮುಖ್ಯ ಕಟ್ಟಡವನ್ನೂ ಆತನಿಗೆ ಕಟ್ಟಲಾಗಲಿಲ್ಲ. ಆದರೆ ಆ ಏಳು ವರ್ಷಗಳಲ್ಲಿ ಆತ ಹಟ ಹಿಡಿದು ಗೂಟ ಹೊಡೆಸಿ ಉಳಿಸಿಕೊಂಡ ರಸ್ತೆಗಳ ಗೆರೆಗಳು ಅಳಿಯಲಿಲ್ಲ. 1925ರಲ್ಲಿ ಅವು ಸರಕಾರಿ ಗೆಜೆಟಿನಲ್ಲಿ ಪ್ರಕಟವಾಗಿ ಶಾಸನದ ಬಲ ಪಡೆದವು.

ಅಷ್ಟರಲ್ಲಿ ದಂಪತಿಗಳು ಮೆಲ್ಬೋರ್ನಿನಲ್ಲಿ ಕೈತುಂಬ ಕೆಲಸ ಮಾಡಿದ್ದರು. ಗ್ರಿಫಿನ್ ಹೇಗೆ ಕಟ್ಟುತ್ತಿದ್ದನೆಂದು ತಿಳಿಯಬೇಕಾದರೆ ಕ್ಯಾನ್‌ಬೆರಾಕ್ಕಿಂತ ಮೆಲ್ಬೋರ್ನಿಗೇ ಹೋಗಬೇಕು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಥೋಲಿಕ ವಿದ್ಯಾರ್ಥಿಗಳಿಗಾಗಿ ಕಟ್ಟಿದ ನ್ಯೂಮನ್ ಕಾಲೇಜು 1918ರಲ್ಲಿ ಪೂರ್ತಿಯಾಯಿತು. ಒರಟು ಮರಳುಗಲ್ಲಿನ ಗೋಡೆ, ಭೂಮಿಯಿಂದಲೇ ಎದ್ದಂತಹ ಭಾರವಾದ ಬುಡ, ಊಟದ ಮನೆಯ ಮೇಲೆ ದೊಡ್ಡ ಗುಮ್ಮಟ. ನೋಡಿದರೆ ಇಗರ್ಜಿಯೂ ಅಲ್ಲ, ಕೋಟೆಯೂ ಅಲ್ಲ. ಗೋಥಿಕ್ ಕಮಾನುಗಳನ್ನು ನಿರೀಕ್ಷಿಸಿದ್ದ ಜನ ಆಗ ಗೊಣಗಿದರು.

1924ರ ನವೆಂಬರಿನಲ್ಲಿ ಅದೇ ಊರಿನ ಸ್ವಾನ್‌ಸ್ಟನ್ ಬೀದಿಯಲ್ಲಿ ಕ್ಯಾಪಿಟಲ್ ಚಿತ್ರಮಂದಿರ ತೆರೆಯಿತು. ಹೊರಗಿನಿಂದ ಅದು ಅಂಗಡಿ, ಕಚೇರಿಗಳಿರುವ ಕಾಂಕ್ರೀಟು ಕಟ್ಟಡ. ಒಳಗೆ ಹೋಗಿ ತಲೆಯೆತ್ತಿದರೆ ಮಾತು ನಿಲ್ಲುತ್ತದೆ. ಮೇಲ್ಛಾವಣಿ ಇಡೀ ಹರಳುಗಲ್ಲಿನ ಗುಹೆಯಂತೆ ಮೆಟ್ಟಲು ಮೆಟ್ಟಲಾಗಿ, ಮೂಲೆ ಮೂಲೆಯಾಗಿ ಮಡಚಿಕೊಂಡಿದೆ. ಅದು ಹರಳಲ್ಲ, ಬರಿಯ ಗಾರೆ. ಆ ಮಡಿಕೆಗಳ ಹಿಂದೆ ಅಡಗಿಸಿಟ್ಟ ಸಾವಿರಾರು ಬಣ್ಣದ ದೀಪಗಳು ಸಂಗೀತಕ್ಕೆ ತಕ್ಕಂತೆ ಕೆಂಪಾಗಿ, ನೀಲಿಯಾಗಿ, ಹಸುರಾಗಿ ಬದಲಾಗುತ್ತಿದ್ದವು. ಚಿತ್ರಗಳಿಗೆ ಇನ್ನೂ ಮಾತು ಬರದಿದ್ದ ಕಾಲದಲ್ಲಿ ಅಲ್ಲಿನ ಛಾವಣಿಯೇ ಒಂದು ಪ್ರದರ್ಶನ. ಆ ದೇಶದ ದೊಡ್ಡ ವಿಮರ್ಶಕ, ಸ್ವತಃ ವಾಸ್ತುಶಿಲ್ಪಿಯಾಗಿದ್ದ ರಾಬಿನ್ ಬಾಯ್ಡ್, ಇದಕ್ಕಿಂತ ಉತ್ತಮವಾದ ಚಿತ್ರಮಂದಿರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಸಂಶಯ ಎಂಬರ್ಥದ ಮಾತು ಬರೆದಿದ್ದನು. ಹಾಗಿದ್ದೂ 1960ರ ದಶಕದಲ್ಲಿ ಕೆಳಗಿನ ಭಾಗವನ್ನು ಕತ್ತರಿಸಿ ಅಂಗಡಿಸಾಲು ಮಾಡಿದರು. ಛಾವಣಿ ಹೇಗೋ ಉಳಿಯಿತು. 1999ರಲ್ಲಿ ಊರಿನ ತಾಂತ್ರಿಕ ವಿಶ್ವವಿದ್ಯಾಲಯವೊಂದು ಅದನ್ನು ಕೊಂಡುಕೊಂಡಿತು. ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು.

ಬಡವರೂ ತಾವೇ ಕಟ್ಟಿಕೊಳ್ಳುವಂಥ ಮನೆ ಬೇಕೆಂಬ ಯೋಚನೆ ಗ್ರಿಫಿನ್ನನಿಗಿತ್ತು. ಒಂದಕ್ಕೊಂದು ಕಚ್ಚಿ ನಿಲ್ಲುವ ಕಾಂಕ್ರೀಟು ಬಿಲ್ಲೆಗಳ ಕ್ರಮವೊಂದಕ್ಕೆ 1917ರಲ್ಲಿ ಪೇಟೆಂಟು ಪಡೆದನು. ನುರಿತ ಮೇಸ್ತ್ರಿಯಿಲ್ಲದೆ ಗೋಡೆಯೇಳಿಸಬಹುದು ಎಂಬುದು ಅದರ ಸಾರ. ಆ ಬಿಲ್ಲೆಗಳಿಂದಲೇ ಮೆಲ್ಬೋರ್ನಿನ ಹೊರವಲಯದಲ್ಲಿ ತಮಗಾಗಿ ಒಂದೇ ಕೋಣೆಯ ಪುಟ್ಟ ಮನೆ ಕಟ್ಟಿಕೊಂಡು ದಂಪತಿಗಳು ಅದರಲ್ಲಿ ವಾಸಿಸಿದರು. ಒಂದು ದೇಶದ ರಾಜಧಾನಿಯ ನಕ್ಷೆಗಾರನ ಮನೆ!

ಸರಕಾರದೊಡನೆ ಆಗದ್ದನ್ನು ಸ್ವಂತ ಬಲದಲ್ಲಿ ಮಾಡೋಣವೆಂದು ಆತ ಮಾಡಿದ ಪ್ರಯತ್ನವೇ ಸಿಡ್ನಿಯ ಕ್ಯಾಸಲ್‌ಕ್ರ್ಯಾಗ್. ಪಾಲುದಾರರನ್ನು ಕೂಡಿಸಿ, ಕಡಲಕೋಡಿಯ ದಂಡೆಯಲ್ಲಿ 650 ಎಕ್ರೆ ಕಲ್ಲುಗುಡ್ಡವನ್ನು ಕೊಂಡು, 1925ರಲ್ಲಿ ದಂಪತಿಗಳು ಅಲ್ಲಿಗೇ ಬಂದು ನೆಲೆಸಿದರು. ರಸ್ತೆಗಳು ಗುಡ್ಡದ ಸುತ್ತಿನಂತೆಯೇ ಬಳಸಿ ಸಾಗಬೇಕು. ಬಂಡೆ ಒಡೆಯಬಾರದು. ಅಲ್ಲಿನ ಕಾಡುಗಿಡಗಳನ್ನೇ ಉಳಿಸಬೇಕು, ಹೋದಲ್ಲಿ ಮತ್ತೆ ನೆಡಬೇಕು. ಮನೆಗಳು ಅಲ್ಲಿಯದೇ ಮರಳುಗಲ್ಲಿನವು, ನಮ್ಮಲ್ಲಿ ಮುರಕಲ್ಲಿನ ಗೋಡೆಗೆ ಸಾರಣೆ ಮಾಡದೆ ಬಿಟ್ಟಂತೆ. ಹಿಂದಿನ ಮನೆಯವನಿಗೆ ಕಡಲು ಮರೆಯಾಗಬಾರದೆಂದು ಹಂಚಿನ ಮಾಡಿನ ಬದಲು ತಗ್ಗಾದ ತಾರಸಿ. ಮತ್ತೊಂದು ಕರಾರು ನಮ್ಮೂರಿನವರಿಗೆ ನಂಬಲು ಕಷ್ಟ: ಮನೆ ಮನೆಗಳ ನಡುವೆ ಬೇಲಿಯಿಲ್ಲ, ಪಾಗಾರವಿಲ್ಲ. ಕಡಲ ದಂಡೆ ಎಲ್ಲರದು. ಕಣಿವೆಯ ಬಂಡೆಗಳ ನಡುವಿನ ಬಯಲು ರಂಗಮಂದಿರದಲ್ಲಿ ಮೇರಿಯನ್ ಗ್ರೀಕ್ ನಾಟಕಗಳನ್ನು ಆಡಿಸುತ್ತಿದ್ದಳು. ಆ ಕಾಲದ ಸಿಡ್ನಿಯವರು ನಿವೇಶನ ಸಿಕ್ಕಿದೊಡನೆ ಮರಗಳನ್ನೆಲ್ಲ ಕಡಿದು ಕೆಂಪು ಹಂಚಿನ ಮನೆ ಕಟ್ಟುವವರು. ಅವರಿಗೆ ಇದು ಹುಚ್ಚರ ಬಿಡಾರವಾಗಿ ಕಂಡಿತು. ಮಾರಾಟ ನಿಧಾನ. 1929ರ ಬಳಿಕ ಜಗತ್ತಿಗೆಲ್ಲ ಬಂದ ಆರ್ಥಿಕ ಕುಸಿತದಿಂದ ಅದೂ ನಿಂತಂತಾಯಿತು. ಇಂದು ಆ ಮನೆಗಳ ಬೆಲೆ ಕೇಳಿದರೆ ಅಂದು ನಕ್ಕವರ ಮೊಮ್ಮಕ್ಕಳು ಕಿವಿ ಮುಚ್ಚಿಕೊಂಡಾರು.

ಕಷ್ಟಕಾಲದಲ್ಲಿ ಗ್ರಿಫಿನ್ನನ ಕೈಹಿಡಿದದ್ದು ಕಸ. ಊರಿನ ಕಸವನ್ನು ಸುಡುವ ಕುಲುಮೆಗಳನ್ನು ಪುರಸಭೆಗಳಿಗೆ ಕಟ್ಟಿಕೊಡುವ ಕಂಪೆನಿಯೊಂದಕ್ಕಾಗಿ ಪಾಲುದಾರ ಎರಿಕ್ ನಿಕೋಲ್ಸನೊಡನೆ ಹನ್ನೆರಡಕ್ಕೂ ಹೆಚ್ಚು ಕಟ್ಟಡಗಳ ನಕ್ಷೆ ಮಾಡಿದನು. ಮೇಲಿನಿಂದ ಕಸ ಸುರಿದರೆ ತನ್ನ ಭಾರದಿಂದಲೇ ಜಾರಿ, ಒಣಗಿ, ಕೆಳಗೆ ಬಂದು ಉರಿಯುವ ವ್ಯವಸ್ಥೆಯಾದ್ದರಿಂದ ಇಳಿಜಾರು ಜಾಗವೇ ಬೇಕು. ಇಳಿಜಾರಿಗೆ ಹೊಂದಿಸಿ ಕಟ್ಟುವುದರಲ್ಲಿ ಗ್ರಿಫಿನ್ ಪಳಗಿದ ಕೈ. ಕಸದ ಕೆಲಸವೆಂದು ಆತ ಕೈ ತೊಳೆದುಕೊಳ್ಳಲಿಲ್ಲ. ದೇವಸ್ಥಾನಕ್ಕೆ ಕೊಡುವಷ್ಟು ಗಮನ ಕೊಟ್ಟನು. ಸಿಡ್ನಿಯ ಪಿರ್ಮಾಂಟಿನಲ್ಲಿ 1936ರಲ್ಲಿ ಎದ್ದ ಕುಲುಮೆಯ ಗೋಡೆಗಳಿಗೆ ಕೆತ್ತನೆಯಂಥ ಅಲಂಕಾರವಿತ್ತು. ಅದನ್ನು 1992ರಲ್ಲಿ ಕೆಡವಿದರು. ವಿಲೋಬಿಯದೂ ಎಸೆಂಡನ್ನಿನದೂ ಉಳಿದು ಇಂದು ಕಲಾಪ್ರದರ್ಶನದ ಮನೆಗಳಾಗಿವೆ.

ಅಷ್ಟರಲ್ಲಿ ಲಕ್ನೋ ವಿಶ್ವವಿದ್ಯಾಲಯದಿಂದ ಗ್ರಂಥಾಲಯವೊಂದರ ನಕ್ಷೆಗಾಗಿ ಕರೆ ಬಂತು. 1935ರ ಅಕ್ಟೋಬರಿನಲ್ಲಿ ಗ್ರಿಫಿನ್ ಹಡಗೇರಿದನು. ಕೆಲವು ತಿಂಗಳ ಕೆಲಸವೆಂದು ಬಂದವನಿಗೆ ಲಕ್ನೋ ಹಿಡಿಸಿಬಿಟ್ಟಿತು. ಹೊಸ ದೆಹಲಿಯಲ್ಲಿ ಬ್ರಿಟಿಷರು ಮಾಡಿದಂತೆ ಯುರೋಪಿನ ಕಂಬಕ್ಕೆ ಛತ್ರಿಯೊಂದನ್ನು ಅಂಟಿಸುವುದು ಆತನಿಗೆ ಬೇಕಿರಲಿಲ್ಲ. ಇಲ್ಲಿನ ಬಿಸಿಲು, ಇಲ್ಲಿನ ನೆರಳು, ಇಲ್ಲಿನ ಕುಶಲಕರ್ಮಿಗಳ ಕೈ ಇವುಗಳಿಂದ ಹೊಸದೊಂದು ಹುಟ್ಟಬೇಕೆಂದು ಹೊರಟನು. ರಾಜರು, ಜಮೀನುದಾರರು, ವಿಶ್ವವಿದ್ಯಾಲಯದವರು ಸಾಲುಗಟ್ಟಿ ಕೆಲಸ ಕೊಟ್ಟರು. ಮಹಮೂದಾಬಾದಿನ ರಾಜನಿಗೆ ಗ್ರಂಥಾಲಯ, ಪಯೊನೀರ್ ಪತ್ರಿಕೆಗೆ ಮುದ್ರಣಾಲಯ, ಲಕ್ನೋದಲ್ಲಿ 1936ರ ಡಿಸೆಂಬರಿನಲ್ಲಿ ತೆರೆದ ದೊಡ್ಡ ಕೈಗಾರಿಕಾ ಹಾಗೂ ಕೃಷಿ ಪ್ರದರ್ಶನದ ಮಂಟಪಗಳು, ಇನ್ನೂ ಹತ್ತಾರು. ಮೇರಿಯನ್ 1936ರಲ್ಲಿ ಬಂದು ಸೇರಿದಳು. ಷಿಕಾಗೋ ಬಿಟ್ಟ ಮೇಲೆ ಇಷ್ಟು ಬಿಡುವಿಲ್ಲದೆ, ಇಷ್ಟು ಉತ್ಸಾಹದಿಂದ ಅವರು ಕೆಲಸ ಮಾಡಿದ್ದಿಲ್ಲ.

ಅದು ಹದಿನೈದು ತಿಂಗಳಿಗೇ ಮುಗಿಯಿತು. 1937ರ ಫೆಬ್ರವರಿಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ಅಲ್ಲಿಯ ಕಿಂಗ್ ಜಾರ್ಜ್ ಆಸ್ಪತ್ರೆಗೆ ಸೇರಿದ ಗ್ರಿಫಿನ್ನನ ಹೊಟ್ಟೆಯೊಳಗೆ ನಂಜೇರಿ, 11ರಂದು ಪ್ರಾಣ ಹೋಯಿತು. ವಯಸ್ಸು 60. ಕೈಗೆತ್ತಿಕೊಂಡ ಕೆಲಸಗಳನ್ನು ಆದಷ್ಟು ಸೇರಿಸಿ, ಲಕ್ನೋದ ಕಚೇರಿ ಮುಚ್ಚಿ ಮೇರಿಯನ್ ಆಸ್ಟ್ರೇಲಿಯಾಕ್ಕೂ ಅಲ್ಲಿಂದ ಷಿಕಾಗೋಕ್ಕೂ ಹಿಂದಿರುಗಿದಳು. ತಮ್ಮ ಬದುಕಿನ ಕಥೆಯನ್ನು ಸಾವಿರಕ್ಕೂ ಮೀರಿದ ಪುಟಗಳಲ್ಲಿ ಬರೆದಿಟ್ಟಳು. ಆಕೆಯ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. 1961ರಲ್ಲಿ, 90 ವರ್ಷದವಳಾಗಿ ತೀರಿಕೊಂಡಳು. ಲಕ್ನೋ ವಿಶ್ವವಿದ್ಯಾಲಯದ ಗ್ರಂಥಾಲಯವೂ ಗ್ರಿಫಿನ್ ಬರೆದಂತೆ ಮೇಲೇಳಲಿಲ್ಲ. ಪಯೊನೀರ್ ಕಟ್ಟಡ ಎದ್ದಿತು, ಮುಂದೆ ಅದನ್ನೂ ಕೆಡವಿದರು. ಪತ್ರಿಕೆಯ ಮನೆಯೊಂದು ಹಾಗೆ ಹೋದದ್ದು ಪತ್ರಿಕೆಯವರಾದ ನಮಗೆ ತುಸು ಹೆಚ್ಚೇ ನೋವು.

ಕ್ಯಾನ್‌ಬೆರಾ ಮಾತ್ರ ನಿಧಾನವಾಗಿ ಆತನ ಕಡೆಗೆ ತಿರುಗಿತು. 1927ರಲ್ಲಿ ಪಾರ್ಲಿಮೆಂಟು ಅಲ್ಲಿಗೆ ಬಂದರೂ ಸರೋವರವಿರಬೇಕಾದಲ್ಲಿ ಮೂವತ್ತು ವರ್ಷ ಹುಲ್ಲೇ ಬೆಳೆಯುತ್ತಿತ್ತು. ಪ್ರಧಾನಿ ರಾಬರ್ಟ್ ಮೆಂಜೀಸ್ ಮನಸ್ಸು ಮಾಡಿದ ಮೇಲೆ ಅಣೆಕಟ್ಟು ಎದ್ದಿತು. 1963ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿ ಮಳೆಗೆ ಕಾದರು. ಬರಗಾಲ ಬಂದು ಕೆಸರು, ಸೊಳ್ಳೆ. 1964ರ ಏಪ್ರಿಲಿನಲ್ಲಿ ಮಳೆ ಹಿಡಿದು ಸರೋವರ ತುಂಬಿತು. ನಡುಗುಡ್ಡದ ನೆತ್ತಿಯ ಪಾಡೇನಾಯಿತೆಂದರೆ, 1988ರಲ್ಲಿ ಪ್ರತಿನಿಧಿಗಳು ತಮ್ಮ ಹೊಸ ಪಾರ್ಲಿಮೆಂಟು ಭವನವನ್ನು ಅಲ್ಲಿಯೇ ಕಟ್ಟಿಸಿಕೊಂಡರು. ಆದರೆ ಅದರ ಶಿಲ್ಪಿ ರೊಮಾಲ್ಡೋ ಜುರ್ಗೋಲಾ ಗ್ರಿಫಿನ್ನನ ಮನಸ್ಸನ್ನು ಬಲ್ಲವನು. ಕಟ್ಟಡವನ್ನು ಗುಡ್ಡದೊಳಕ್ಕೆ ಇಳಿಸಿ ಮಾಡಿನ ಮೇಲೆ ಹುಲ್ಲು ಬೆಳೆಸಿ, ಪ್ರಜೆಗಳು ತಮ್ಮ ಪ್ರತಿನಿಧಿಗಳ ತಲೆಯ ಮೇಲೆ ನಡೆದಾಡುವಂತೆ ಮಾಡಿದನು. ಸರೋವರಕ್ಕೆ ಇಟ್ಟ ಹೆಸರು ಬರ್ಲಿ ಗ್ರಿಫಿನ್. ನ್ಯೂ ಸೌತ್ ವೇಲ್ಸ್‌ನಲ್ಲಿ ಆತನೇ ನಕ್ಷೆ ಮಾಡಿದ ಗ್ರಿಫಿತ್ ಎಂಬ ಪಟ್ಟಣವೊಂದಿದೆ. ಅದು ಆತನ ಹೆಸರೆಂದೇ ಹಲವರು ತಿಳಿದಿದ್ದಾರೆ, ಅಲ್ಲ. ಅದು ಆಗಿನ ಲೋಕೋಪಯೋಗಿ ಮಂತ್ರಿಯದು.